ಆಸ್ಪತ್ರೆ ಕಾರಿಡಾರ್ ಟೀವಿಲಿ ಅಪ್ಪನ ಹೆಸ್ರು, ವಯಸ್ಸು, ಆಪರೇಷನ್ ಎಲ್ಲಾ ಹಾಕಿದ್ರು, ಇದು ಸರೀನಾ?

ತ್ಯಾಗರಾಜನಗರ_ತರಲೆ
ಹೋದ ವಾರ ಅಪ್ಪಂಗೆ ಆಪರೇಷನ್ ಆಯ್ತು. ಆಸ್ಪತ್ರೆ ಹೆಸ್ರು ಬೇಡ, ಬೆಂಗಳೂರೇ, ಪ್ರೈವೇಟು. ಮೂರನೇ ಫ್ಲೋರಲ್ಲಿ ಓಟಿ, ಅಂದ್ರೆ ಆಪರೇಷನ್ ಥಿಯೇಟರ್. ಲಿಫ್ಟಿಂದ ಆಚೆ ಕಾಲಿಟ್ರೆ ಎದುರಿಗೇ ದೊಡ್ಡ ಟೀವಿ, ರೈಲ್ವೆ ಸ್ಟೇಷನ್ನಲ್ಲಿ ಗಾಡಿ ಬರೋ ಟೈಮ್ ಹಾಕ್ತಾರಲ್ಲ ಹಂಗೆ ಸಾಲಾಗಿ ಪೇಷೆಂಟ್ ಹೆಸ್ರು, ವಯಸ್ಸು, ಡಾಕ್ಟ್ರ ಹೆಸ್ರು, ಯಾವ ಆಪರೇಷನ್, ಈಗ ಎಲ್ಲಿದಾರೆ.

ಅಪ್ಪಂದು ಪ್ರಾಸ್ಟೇಟು. ಕ್ಯಾನ್ಸರ್ ಅಲ್ಲ, ವಯಸ್ಸಾದ್ಮೇಲೆ ಊದ್ಕೊಳತ್ತಲ್ಲ ಅದು. ಆದ್ರೆ ನಾವು ನೆಂಟರಿಗೆಲ್ಲಾ 'ಹರ್ನಿಯಾ' ಅಂತ ಹೇಳಿದ್ವಿ, ಅಪ್ಪಂದೇ ಷರತ್ತು ಅದು. ಅವತ್ತೇ ನಮ್ಮ ರಸ್ತೆ ಆಂಟಿ ಒಬ್ರು ಸೊಸೆ ಹೆರಿಗೆಗೆ ಅಂತ ಬಂದವ್ರು ಲಿಫ್ಟಲ್ಲಿ ತಪ್ಪಾಗಿ ಮೂರಕ್ಕೆ ಇಳಿದಿದಾರೆ, ಟೀವಿ ನೋಡಿದಾರೆ, 'ಟಿಯುಆರ್‌ಪಿ' ಅಂತ ಬರೆದಿದ್ದನ್ನ ನಿಂತಲ್ಲೇ ಗೂಗಲ್ ಮಾಡಿದಾರೆ. ಸಂಜೆ ಐದೂವರೆಗೆ ತುಮಕೂರಿಂದ ಚಿಕ್ಕಮ್ಮನ ಫೋನು, "ಭಾವಂಗೆ ಪ್ರಾಸ್ಟೇಟ್ ಅಂತೆ, ಕ್ಯಾನ್ಸರ್ರೇನೋ? ನಮಗ್ಯಾಕೋ ಹೇಳ್ಲಿಲ್ಲ?" ಅಂತ ಅಳು.

ಇಷ್ಟೇ ಆಗಿದ್ರೆ ಬೇರೆ. ಅದೇ ಟೀವಿ ನಮಗೆ ಸುಳ್ಳು ಬೇರೆ ಹೇಳ್ತು. 11.40ಕ್ಕೆ 'ಇನ್ ಓಟಿ' ಅಂತ ಬಂತು, ಡಾಕ್ಟ್ರು ಒಂದು ಗಂಟೆ ಅಂದಿದ್ರು, 2.15 ಆದ್ರೂ 'ಇನ್ ಓಟಿ'. ಅಮ್ಮ ವಿಷ್ಣು ಸಹಸ್ರನಾಮ ಎರಡು ಸಲ ಮುಗಿಸಿ ಮೂರನೇದು ಶುರು ಮಾಡಿದ್ರು. ಆಮೇಲೆ ಗೊತ್ತಾಗಿದ್ದು ಅಪ್ಪ ಒಂದೂಕಾಲಿಗೇ ರಿಕವರಿಗೆ ಬಂದಿದ್ರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದು, ಎಚ್ಚರವಾಗೇ ಇದ್ರು, ಒಳಗೆ ಮಲಕ್ಕೊಂಡು ಸಿಸ್ಟರ್ ಹತ್ರ "ನನ್ನ ಮಗ ಊಟಕ್ಕೆ ಹೋದ್ನೇನಮ್ಮಾ" ಅಂತ ಕೇಳ್ತಿದ್ರಂತೆ.

ಊರಿಗೆ ಬೇಡದ್ದೆಲ್ಲಾ ಹೇಳ್ತು, ನಮಗೆ ಬೇಕಿದ್ದು ಹೇಳ್ಲಿಲ್ಲ. ಕೌಂಟರಲ್ಲಿ ಕೇಳಿದ್ರೆ "ಟ್ರಾನ್ಸ್‌ಪರೆನ್ಸಿ ಸಾರ್" ಅಂತಾರೆ. ನಿಮ್ಮ ಅನುಭವ ಏನು?

ಕೆಆರ್‌ಪುರಂ_ಲೋಕಲ್
ನಿಮ್ದು ಟೀವಿ ಪ್ರಾಬ್ಲಂ ಅಲ್ಲ ಗುರು, ಆಂಟಿ ಪ್ರಾಬ್ಲಂ 😂

ಪದ್ಮಕ್ಕ
ನಗ್ಬೇಡಿಪ್ಪ. ಆದ್ರೆ ಟೀವಿನೇ ಬೇಡ ಅನ್ನೋರಿಗೆ ಒಂದು ಮಾತು. 1988ರಲ್ಲಿ ನಮ್ಮನೆಯವ್ರಿಗೆ ಹೊಟ್ಟೆ ಆಪರೇಷನ್ ಆದಾಗ ಟೀವಿನೂ ಇಲ್ಲ ಏನೂ ಇಲ್ಲ, ಒಂದು ಕಬ್ಬಿಣದ ಬಾಗಿಲು, ಅದರ ಮುಂದೆ ಉದ್ದದ ಮರದ ಬೆಂಚು. ಬಾಗಿಲು ಕಿರ್ ಅಂದಾಗೆಲ್ಲಾ ಇಪ್ಪತ್ತು ಜನ ಒಟ್ಟಿಗೆ ಎದ್ದು ನಿಲ್ಲೋದು, ವಾರ್ಡ್ ಬಾಯ್ ಒಬ್ಬರ ಹೆಸ್ರು ಕೂಗೋದು, ಹತ್ತೊಂಬತ್ತು ಜನ ಕೂತ್ಕೊಳೋದು. ಅವನು ಕೂಗ್ತಿದ್ದಿದ್ದೂ ಹೆಸ್ರೇ ತಾನೆ? ಪೂರ್ತಿ ಕಾರಿಡಾರಿಗೆ ಕೇಳೋ ಹಂಗೆ, "ಮೂಲವ್ಯಾಧಿ ರಾಮಣ್ಣನ ಕಡೆಯವ್ರು ಯಾರ್ರೀ" ಅಂತ. ಆಗ ಯಾರಿಗೂ ಪ್ರೈವೆಸಿ ನೆನಪಾಗ್ತಿರ್ಲಿಲ್ಲ.

ಮಳೆಗಾಲ_ಕೊಡೆ
"ಮೂಲವ್ಯಾಧಿ ರಾಮಣ್ಣ" ಪಾಪ. ಅವರ ಮನೆಯವ್ರು ಎದ್ದು ನಿಂತ್ರಾ ಇಲ್ವಾ ಅಕ್ಕ?

ಪದ್ಮಕ್ಕ
ನಿಂತ್ರು. ತಲೆ ಬಗ್ಗಿಸ್ಕೊಂಡು ಹೋದ್ರು. ಹೌದು ನೋಡು, ಈಗ ಅನ್ಸತ್ತೆ.

ಡಬ್ಬಾ_ಇನ್‌ಸ್ಟಾಲರ್
ನಾನು ಈ ಟೀವಿಗಳನ್ನ ಹಾಕೋ ಕೆಲಸದವ್ನು, ಆಸ್ಪತ್ರೆ, ಬ್ಯಾಂಕು, ಕಲ್ಯಾಣಮಂಟಪ ಎಲ್ಲಾ ಕಡೆ ಹಾಕಿದೀನಿ, ಒಳಗೇನಿರತ್ತೆ ಹೇಳ್ತೀನಿ ಕೇಳಿ. ಟೀವಿ ಹಿಂದೆ ಒಂದು ಸಣ್ಣ ಆಂಡ್ರಾಯ್ಡ್ ಬಾಕ್ಸೋ ರಾಸ್ಪ್‌ಬೆರ್ರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ರೋ ಇರತ್ತೆ, ಅದು ಬ್ರೌಸರಲ್ಲಿ ಒಂದು ಪೇಜ್ ಫುಲ್ ಸ್ಕ್ರೀನ್ ಮಾಡಿ ಕೂತಿರತ್ತೆ ಅಷ್ಟೇ, ಬೇರೆ ಮ್ಯಾಜಿಕ್ ಏನಿಲ್ಲ. ಪೇಜಿಗೆ ಮಾಹಿತಿ ಆಸ್ಪತ್ರೆ ಸಾಫ್ಟ್‌ವೇರಿಂದ ಬರ್ಬೇಕು. ಅದಕ್ಕೆ ಎಚ್‌ಎಲ್7 ಅಂತ ಒಂದು ಭಾಷೆ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಅದೇ ಓಡೋದು. ಅಡ್ಮಿಟ್ ಆದ್ರೆ ಎ01 ಅಂತ ಮೆಸೇಜ್ ಹೋಗತ್ತೆ, ಒಂದು ವಾರ್ಡಿಂದ ಇನ್ನೊಂದಕ್ಕೆ ಹೋದ್ರೆ ಎ02, ಡಿಸ್ಚಾರ್ಜ್ ಆದ್ರೆ ಎ03. ಇಷ್ಟು ಸರಿಯಾಗಿ ಬರತ್ತೆ, ಯಾಕಂದ್ರೆ ಬಿಲ್ಲಿಂಗ್ ಅದರ ಮೇಲೇ ನಿಂತಿರತ್ತೆ. ದುಡ್ಡಿನ ವಿಷಯ ಯಾರೂ ಮರೆಯಲ್ಲ.

ಓಟಿ ಒಳಗಿಂದು ಹಂಗಲ್ಲ. ಒಳಗೆ ಕರ್ಕೊಂಡ್ರು, ಮುಗೀತು, ರಿಕವರಿಗೆ ಹೋದ್ರು, ಇದನ್ನೆಲ್ಲಾ ಯಾರಾದ್ರೂ ಒಬ್ರು ಬಟನ್ ಒತ್ತಿ ಹೇಳ್ಬೇಕು. ಒತ್ತಿದ್ರೆ ಬೋರ್ಡ್ ಸತ್ಯ, ಒತ್ತದೇ ಇದ್ರೆ 2.15ರವರೆಗೂ 'ಇನ್ ಓಟಿ'.

ಇನ್ನು ಪ್ರೊಸೀಜರ್ ಕಾಲಮ್. ಅದನ್ನ ತೆಗೆಯೋಕೆ ಸೆಟ್ಟಿಂಗ್ಸಲ್ಲಿ ಒಂದು ಟಿಕ್ ಸಾಕು, ಎರಡು ಸೆಕೆಂಡಿನ ಕೆಲಸ. ನಾನು ಒಂದ್ಕಡೆ ಕೇಳಿದೆ, "ಇದನ್ನ ತೆಗ್ದುಬಿಡ್ಲಾ ಸಾರ್, ಜನ ಓದ್ತಾರೆ" ಅಂತ. ಅವ್ರು ಸ್ವಲ್ಪ ಹಿಂದೆ ಸರಿದು ಟೀವಿ ನೋಡಿ ಅಂದ್ರು, "ಬೇಡ ಇರ್ಲಿ, ತೆಗೆದ್ರೆ ಖಾಲಿ ಖಾಲಿ ಕಾಣತ್ತೆ". ಇದೇ ಕಾರಣ. ಟ್ರಾನ್ಸ್‌ಪರೆನ್ಸಿನೂ ಇಲ್ಲ ಏನೂ ಇಲ್ಲ.

ತ್ಯಾಗರಾಜನಗರ_ತರಲೆ
ಖಾಲಿ ಕಾಣತ್ತೆ ಅಂತ ನಮ್ಮಪ್ಪನ ಪ್ರಾಸ್ಟೇಟ್ ಹಾಕಿದ್ರಾ?!

ಡಬ್ಬಾ_ಇನ್‌ಸ್ಟಾಲರ್
ಅವರ ಹೆಲ್ತ್ ಪ್ಯಾಕೇಜ್ ಆಡ್ ಹಾಕ್ಬೋದಿತ್ತು, ನಿಮ್ಮಪ್ಪಂದು ಬಂತು. ಕ್ಷಮಿಸಿ ಸಾರ್.

ಅಕ್ಷರಕ್ಕೆ_ಲಕ್ಷ
ಬೋರ್ಡಲ್ಲಿ ಕನ್ನಡ ಇತ್ತಾ ಮೊದ್ಲು ಹೇಳಿ.

ತ್ಯಾಗರಾಜನಗರ_ತರಲೆ
ಹತ್ತು ಸೆಕೆಂಡ್ ಇಂಗ್ಲಿಷು, ಹತ್ತು ಸೆಕೆಂಡ್ ಕನ್ನಡ. ಕನ್ನಡದ್ದನ್ನ ಓದಿದ್ರೆ ಅಳ್ತೀರ. 'ರಿಕವರಿ' ಅನ್ನೋದಕ್ಕೆ 'ವಸೂಲಾತಿ' ಅಂತ ಹಾಕಿದ್ರು.

ಅಕ್ಷರಕ್ಕೆ_ಲಕ್ಷ
ಮಷೀನ್ ಟ್ರಾನ್ಸ್‌ಲೇಷನ್ ಪ್ರಸಾದ ಅದು. ನಾನು ನೋಡಿದ ಒಂದು ಕಡೆ 'ಥಿಯೇಟರ್' ಅನ್ನೋದು 'ರಂಗಮಂದಿರ' ಆಗಿತ್ತು, 'ಡಿಸ್ಚಾರ್ಜ್' ಅನ್ನೋದು 'ವಿಸರ್ಜನೆ', 'ಕ್ರಿಟಿಕಲ್' ಅನ್ನೋದು 'ವಿಮರ್ಶಾತ್ಮಕ'. ಅಂದ್ರೆ ಅಜ್ಜಿ ಮೊದ್ಲು ರಂಗಮಂದಿರಕ್ಕೆ ಹೋಗಿ, ಅಲ್ಲಿ ವಿಮರ್ಶಾತ್ಮಕವಾಗಿ ಇದ್ದು, ವಸೂಲಾತಿ ಮುಗಿಸಿ ವಿಸರ್ಜನೆ ಆಗ್ತಾರೆ.

ಹುಬ್ಬಳ್ಳಿ_ಮಂದಿ
ವಸೂಲಾತಿ ಬರೋಬ್ಬರಿ ಐತಲ್ರಿ, ಬಿಲ್ ನೋಡೀರಿಲ್ಲೋ?

ಕೆಆರ್‌ಪುರಂ_ಲೋಕಲ್
ಗಣಪತಿ ಬಪ್ಪ ಮೋರಯಾ

ಅಕ್ಷರಕ್ಕೆ_ಲಕ್ಷ
ನಗು ಬರತ್ತೆ, ಸರಿ. ಆದ್ರೆ ಅಲ್ಲಿ ಕೂತಿರೋ ಅರ್ಧ ಜನಕ್ಕೆ ಕನ್ನಡ ಸ್ಲೈಡೇ ದಿಕ್ಕು. ಅಂಗಡಿ, ಆಸ್ಪತ್ರೆ ನಾಮಫಲಕದಲ್ಲಿ 60% ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯ್ತು, ಎಲ್ರೂ ಹೊರಗಿನ ಬೋರ್ಡ್ ಬದಲಾಯಿಸಿದ್ರು. ಒಳಗೆ ಓಟಿ ಮುಂದೆ ಜೀವ ಕೈಲಿ ಹಿಡ್ಕೊಂಡು ನೋಡೋ ಟೀವಿಗೆ ಯಾರೂ ಒಬ್ಬ ಕನ್ನಡದೋನ್ನ ಕೂರಿಸಿ ಹತ್ತು ಪದ ಬರೆಸಲ್ಲ. ಹತ್ತೇ ಪದ ರೀ ಬೇಕಾಗಿರೋದು! 'ಒಳಗೆ ಕರ್ಕೊಂಡಿದಾರೆ', 'ಆಪರೇಷನ್ ನಡೀತಿದೆ', 'ಮುಗೀತು, ನೋಡ್ಕೊಳ್ತಿದಾರೆ', 'ವಾರ್ಡಿಗೆ ಬಂದ್ರು'. ಇದನ್ನ ಬಿಟ್ಟು ಸಂಸ್ಕೃತದಲ್ಲಿ 'ಶಸ್ತ್ರಚಿಕಿತ್ಸೋತ್ತರ ಚೇತರಿಕಾ ಘಟಕ' ಅಂತ ಹಾಕೋದೂ ಒಂದೇ, ವಸೂಲಾತಿ ಅಂತ ಹಾಕೋದೂ ಒಂದೇ.

ಡಬ್ಬಾ_ಇನ್‌ಸ್ಟಾಲರ್
ಇದಕ್ಕೆ ಒಂದು ಸೇರಿಸ್ತೀನಿ. ಕೆಲವು ಕಡೆ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋ ಲಿಸ್ಟ್ ಕೊಡ್ತಾರೆ, ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲ, ಟೀವಿಲಿ ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಚಿತ್ರಾನ್ನ. ಯೂನಿಕೋಡೇ ಇದ್ರೂ ಅಗ್ಗದ ಬಾಕ್ಸಾದ್ರೆ ಒತ್ತಕ್ಷರ ಕೂಡಿಸಕ್ಕೆ ಬರಲ್ಲ, 'ಲಕ್ಷ್ಮಿ' ಹೋಗಿ 'ಲಕ್‌ಷ್‌ಮಿ' ಆಗಿರ್ತಾರೆ. ಇನ್ನು ಇಂಗ್ಲಿಷಿಂದ ತಂತಾನೇ ಕನ್ನಡಕ್ಕೆ ಬರೋ ಹೆಸ್ರುಗಳು... ಲತಾ ಅನ್ನೋರು 'ಲಾಥಾ' ಆಗಿ ಒಂದಿಡೀ ದಿನ ಮೆರೆದಿದಾರೆ.

ಕೋಡಿಕಲ್_ಕುಡ್ಲ
ಮಾರಾಯ್ರೇ ನೀವು ಅಕ್ಷರದಲ್ಲೇ ಇದ್ದೀರಿ. ನನ್ನ ಅಜ್ಜಿಗೆ ಓದಲಿಕ್ಕೇ ಬರುವುದಿಲ್ಲ. ಬೆಂಗಳೂರಲ್ಲಿ ಅಜ್ಜನ ಬೈಪಾಸ್ ಆದಾಗ ಇಡೀ ದಿನ ಬಣ್ಣ ನೋಡಿಕೊಂಡು ಕೂತದ್ದು. "ಹಳದಿ ಉಂಟಾ ಇನ್ನೂ? ಹಸಿರು ಆಯಿತಾ ನೋಡು" ಅಂತ. ಮಧ್ಯದಲ್ಲಿ ನೆಟ್ ಹೋಗಿ ಸ್ಕ್ರೀನ್ ನೀಲಿ ಆಯಿತು, ಅಜ್ಜಿ ಎದೆ ಹಿಡಿದುಕೊಂಡದ್ದು ನಾನು ಈಗಲೂ ಮರೆತಿಲ್ಲ.

ಲಾ_ಪಾಯಿಂಟ್
ಕಾನೂನು ಕೇಳ್ತಿರೋರಿಗೆ. ಡಾಕ್ಟ್ರು ಪೇಷೆಂಟ್ ಗುಟ್ಟು ಕಾಪಾಡ್ಬೇಕು ಅನ್ನೋದು ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮದಲ್ಲೇ ಇದೆ, ಹೊಸದಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ 2017ರಲ್ಲಿ ಹೇಳ್ತು, ಆ ಕೇಸ್ ಹಾಕಿದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವ್ರು, ಬೆಂಗಳೂರಲ್ಲೇ ಇದ್ದೋರು. ಆಮೇಲೆ 2023ರ ಡೇಟಾ ಸಂರಕ್ಷಣೆ ಕಾಯ್ದೆ ಬಂತು, ಅದರ ರೂಲ್ಸ್ 2025ರ ನವೆಂಬರಲ್ಲಿ ನೋಟಿಫೈ ಆಯ್ತು, ಆದ್ರೆ ಮುಖ್ಯವಾದ ಕಟ್ಟುಪಾಡುಗಳಿಗೆ 18 ತಿಂಗಳ ಟೈಮ್ ಕೊಟ್ಟಿದಾರೆ. ಅದು ಜಾರಿಗೆ ಬಂದ್ಮೇಲೆ ಡೇಟಾ ಭದ್ರತೆಲಿ ಎಡವಿದ್ರೆ 250 ಕೋಟಿವರೆಗೂ ದಂಡ ಹಾಕ್ಬೋದು. ಎಚ್‌ಐವಿ ವಿಷಯಕ್ಕೆ ಮಾತ್ರ ಬೇರೆ ಕಾಯ್ದೆನೇ ಇದೆ, 2017ರದ್ದು, ಅಲ್ಲಿ ಸ್ಟೇಟಸ್ ಬಹಿರಂಗ ಮಾಡೋ ಹಂಗೇ ಇಲ್ಲ, ತೀರಾ ಕೆಲವು ಸಂದರ್ಭ ಬಿಟ್ಟು.

ಹುಬ್ಬಳ್ಳಿ_ಮಂದಿ
ವಕೀಲ್ ಸಾಹೇಬ್ರ, 250 ಕೋಟಿ ಆಂಟಿ ಮ್ಯಾಲೆ ಹಾಕಾಕ್ ಬರ್ತೈತೇನ್ರಿ?

ಲಾ_ಪಾಯಿಂಟ್
ಮನೆ ವಿಷಯಕ್ಕೆ, ಸ್ವಂತಕ್ಕೆ ಮಾಡಿದ್ದಕ್ಕೆ ಈ ಕಾಯ್ದೆ ಅನ್ವಯ ಆಗಲ್ಲ. ಆಂಟಿ ಸೇಫ್.

ಬೇ_ಏರಿಯಾ_ಬಸವನಗುಡಿ
ನಾನಿರೋದು ಅಮೇರಿಕಾದಲ್ಲಿ. ಇಲ್ಲಿ ಪೇಷೆಂಟ್ ಮಾಹಿತಿ ಕಾಪಾಡೋಕೆ ಹಿಪಾ ಅಂತ 1996ರಿಂದ ಕಾನೂನಿದೆ, ಎಲ್ರೂ ಅಂದ್ಕೊಳ್ತಾರೆ ಹೆಸ್ರೇ ಬಾಯಿಗೆ ತರೋ ಹಂಗಿಲ್ಲ ಅಂತ, ಹಂಗೇನಿಲ್ಲ, ವೇಟಿಂಗ್ ರೂಮಲ್ಲಿ ಹೆಸ್ರು ಕರೀಬೋದು, ಯಾಕೆ ಬಂದಿದಾರೆ ಅನ್ನೋದು ಮಾತ್ರ ಹೊರಗೆ ಬರ್ಬಾರ್ದು. ನನ್ನ ಹೆಂಡ್ತಿಗೆ ಗಾಲ್ ಬ್ಲಾಡರ್ ತೆಗೆದಾಗ ನನ್ ಕೈಗೆ ಒಂದು ಚೀಟಿ ಕೊಟ್ರು, ಅದರಲ್ಲಿ ನಂಬರ್ರು, ಟೀವಿಲಿ ಅದೇ ನಂಬರ್ ಮುಂದೆ ಬಣ್ಣ. ಹೆಸರಿಲ್ಲ, ಆಪರೇಷನ್ ಏನು ಅಂತಿಲ್ಲ. ಸಿಂಪಲ್. ಇದನ್ನ ನಮ್ಮಲ್ಲಿ ಮಾಡೋಕೇನು ಕಷ್ಟ?

ಚಾಮರಾಜಪೇಟೆ_ಚಂದ್ರು
ಕಷ್ಟ ಇದೆ ಸ್ವಾಮಿ. ಚೀಟಿ ಕಳ್ಕೊಳ್ತಾರೆ, ಚೀಟಿ ಇದ್ದೋನು ಟೀ ಕುಡಿಯೋಕೆ ಹೋಗಿರ್ತಾನೆ. ನಿಮ್ಮಲ್ಲಿ ಪೇಷೆಂಟ್ ಜೊತೆ ಒಬ್ರು ಇಬ್ರು ಇರ್ತಾರೆ, ನಮ್ಮಲ್ಲಿ ಹನ್ನೊಂದು ಜನ ಬರ್ತಾರೆ, ಊರಿಂದ ಟೆಂಪೋ ಮಾಡ್ಕೊಂಡು. ಹೆಸರಿದ್ರೇ ವಾಸಿ.

ಮಳೆಗಾಲ_ಕೊಡೆ
ಹೆಸ್ರು ಇದ್ರೂ ಗ್ಯಾರಂಟಿ ಏನಿಲ್ಲ ಸಾರ್. ನಮ್ಮಾವನ ಹೆಸ್ರು ಮಂಜುನಾಥ, 54. ಬೋರ್ಡಲ್ಲಿ 'ಮಂಜುನಾಥ, ವಾರ್ಡಿಗೆ ಶಿಫ್ಟ್' ಅಂತ ಬಂತು, ಎಲ್ರೂ ಎಳನೀರು ಫ್ಲಾಸ್ಕು ಎತ್ಕೊಂಡು ಐದನೇ ಫ್ಲೋರಿಗೆ ಓಡಿದ್ವಿ. ಹಾಸಿಗೆ ಮೇಲೆ ಯಾರೋ ಬೇರೆ ಮಂಜುನಾಥ, ಅವರ ಕಡೆಯವ್ರು ಇನ್ನೂ ಬಂದಿಲ್ಲ. ಪಾಪ ಅರೆ ಎಚ್ಚರದಲ್ಲಿ ನಮ್ಮತ್ತೆ ಕೈ ಹಿಡ್ಕೊಂಡುಬಿಟ್ರು. ಅತ್ತೆ ಬಿಡಿಸ್ಕೊಳ್ಳೋಕೂ ಆಗ್ದೆ ಅವರ ಮನೆಯವ್ರು ಬರೋವರೆಗೂ ಹಂಗೇ ನಿಂತಿದ್ರು.

ಡಬ್ಬಾ_ಇನ್‌ಸ್ಟಾಲರ್
ಬೆಂಗಳೂರಲ್ಲಿ ಬರೀ 'ಮಂಜುನಾಥ' ಅಂತ ಬೋರ್ಡಲ್ಲಿ ಹಾಕಿದ್ರೆ ಏನೂ ಹಾಕ್ದಂಗೇ.

ನೈಟ್‌ಡ್ಯೂಟಿ_ಸಿಸ್ಟರ್
ಇಷ್ಟೊತ್ತು ಓದ್ತಾ ಇದ್ದೆ. ನಾನು 12 ವರ್ಷದಿಂದ ಓಟಿ ನರ್ಸ್, ಬಟನ್ ಒತ್ತದೇ ಇರೋದು ನಾನೇ 🙂 ಸ್ವಲ್ಪ ಉದ್ದ ಆಗತ್ತೆ.

ಮೊದ್ಲು ಮಂಜುನಾಥ ವಿಷಯ. ಪೇಷೆಂಟ್ ಯಾರು ಅಂತ ನಾವು ಬೋರ್ಡ್ ನೋಡಿ ಗುರ್ತು ಹಿಡಿಯಲ್ಲ, ಬೆಡ್ ನಂಬರ್ ನೋಡಿನೂ ಅಲ್ಲ. ಕೈಗೆ ಕಟ್ಟಿರೋ ಪಟ್ಟಿಲಿ ಹೆಸ್ರು ಮತ್ತೆ ಆಸ್ಪತ್ರೆ ನಂಬರ್ ಎರಡೂ ತಾಳೆ ಆಗ್ಬೇಕು. ಬೋರ್ಡ್ ಇರೋದು ನಿಮಗೋಸ್ಕರ, ಚಿಕಿತ್ಸೆಗಲ್ಲ. ಹಂಗಾಗಿ ಹೆಸ್ರು ತೆಗೆದ್ರೆ ನಮಗೇನೂ ನಷ್ಟ ಇಲ್ಲ.

ಎರಡನೇದು, "ಡಾಕ್ಟ್ರು ಒಂದು ಗಂಟೆ ಅಂದಿದ್ರು". ಡಾಕ್ಟ್ರ ಒಂದು ಗಂಟೆ ಅಂದ್ರೆ ಅವ್ರು ಕೈ ಹಾಕಿದಾಗಿಂದ ಕೈ ತೆಗೆಯೋವರೆಗೆ. ಅದಕ್ಕೂ ಮುಂಚೆ ಅನಸ್ತೇಶಿಯಾ, ಮಲಗಿಸೋದು, ಕ್ಲೀನ್ ಮಾಡೋದು, ಬಟ್ಟೆ ಹೊದಿಸೋದು ಇದೆ. ಕೆಲವು ಸಲ ಒಳಗೆ ಕರ್ಕೊಂಡು ಮುಕ್ಕಾಲು ಗಂಟೆ ಆದ್ರೂ ಶುರುವೇ ಆಗಿರಲ್ಲ. ಬೋರ್ಡ್ ಮಾತ್ರ ಗಾಲಿ ಒಳಗೆ ಬಂದ ತಕ್ಷಣ 'ಇನ್ ಓಟಿ'. ನೀವು ಹೊರಗೆ ಗಡಿಯಾರ ನೋಡ್ತಾ ಎಣಿಸ್ತೀರ.

ಮೂರನೇದು ಬಟನ್. ಕೈತೊಳೆದು ಗ್ಲೌಸ್ ಹಾಕಿರೋರು ಯಾರೂ ಕಂಪ್ಯೂಟರ್ ಮುಟ್ಟೋ ಹಂಗಿಲ್ಲ. ಮುಟ್ಟಬಹುದಾದೋಳು ಒಬ್ಳು, ಸರ್ಕ್ಯುಲೇಟಿಂಗ್ ನರ್ಸ್. ಆಪರೇಷನ್ ಮುಗಿಯೋ ಹೊತ್ತಿಗೆ ಅವಳು ಗಾಜ್ (ರಕ್ತ ಒರೆಸೋ ಬಟ್ಟೆ ತುಂಡು) ಎಣಿಸ್ಬೇಕು, ಒಂದು ಕಮ್ಮಿ ಬಂದ್ರೆ ಮತ್ತೆ ಎಣಿಸ್ಬೇಕು, ಬಯಾಪ್ಸಿ ಡಬ್ಬಿಗೆ ಲೇಬಲ್ ಅಂಟಿಸ್ಬೇಕು, ವಾರ್ಡಿಗೆ ಫೋನ್ ಮಾಡ್ಬೇಕು, ಮುಂದಿನ ಪೇಷೆಂಟ್ ಆಗ್ಲೇ ಬಾಗಿಲಲ್ಲಿ ಇರ್ತಾರೆ. ಇದರ ಮಧ್ಯೆ ಬೋರ್ಡು. ಮರೀತೀವಿ. ತಪ್ಪೇ, ಒಪ್ಕೋತೀನಿ. ಆದ್ರೆ ಗಾಜ್ ಎಣಿಸೋದನ್ನ ಮರೆಯೋದಕ್ಕಿಂತ ಬೋರ್ಡ್ ಮರೆಯೋದು ವಾಸಿ ಅಂತ ನನ್ನ ಲೆಕ್ಕ.

ಇನ್ನೊಂದು ಇದೆ, ಹೇಳ್ಲೋ ಬೇಡ್ವೋ ಅಂತ ಎರಡು ಸಲ ಟೈಪ್ ಮಾಡಿ ಅಳಿಸ್ದೆ. ಕೆಲವು ಸಲ ನಾವು ಬೇಕಂತಲೇ ಒತ್ತಲ್ಲ. ಟೇಬಲ್ ಮೇಲೆ ಏನಾದ್ರೂ ಕೆಟ್ಟದ್ದಾದ್ರೆ ಬೋರ್ಡಲ್ಲಿ 'ಇನ್ ಓಟಿ' ಹಂಗೇ ಬಿಡ್ತೀವಿ, ಡಾಕ್ಟ್ರು ಹೊರಗೆ ಬಂದು ಮನೆಯವ್ರನ್ನ ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಕೂರಿಸಿ ಹೇಳೋವರೆಗೂ. ಆ ಲಿಸ್ಟಲ್ಲಿ ಅದಕ್ಕೊಂದು ಪದ ಇಲ್ಲ, ಇರ್ಲೂಬಾರ್ದು. ಹೇಳಿ ಆದ್ಮೇಲೆ ಸಾಲನ್ನ ಸುಮ್ನೆ ತೆಗೀತೀವಿ, ಕೆಳಗಿನ ಹೆಸ್ರು ಒಂದು ಮೇಲೆ ಬರತ್ತೆ.

ಕೋಡಿಕಲ್_ಕುಡ್ಲ
ಸಿಸ್ಟರ್... ಕೆಳಗಿನ ಹೆಸರು ಮೇಲೆ ಬರುವುದನ್ನು ಇನ್ನು ನೋಡಲಿಕ್ಕೆ ಆಗುವುದಿಲ್ಲ ನನಗೆ.

ಪದ್ಮಕ್ಕ
ನಿಮ್ಮ ಕೈ ತಣ್ಣಗಿರ್ಲಿ ತಾಯಿ.

ಚಾಮರಾಜಪೇಟೆ_ಚಂದ್ರು
ಇದು ಒಪ್ಪಲ್ಲ ನಾನು. ಗೌರವದಿಂದ್ಲೇ ಹೇಳ್ತೀನಿ ಸಿಸ್ಟರ್. ನಾವು ಹೊರಗೆ ದೇವರನ್ನ ಬೇಡ್ಕೊಳ್ತಾ ಕೂತಿರ್ತೀವಿ, ಒಳಗೆ ಮುಗಿದೋಗಿರತ್ತೆ, ಟೀವಿ ಸುಳ್ಳು ಹೇಳ್ತಿರತ್ತೆ. ಅದೂ ಮೋಸಾನೇ.

ನೈಟ್‌ಡ್ಯೂಟಿ_ಸಿಸ್ಟರ್
ನೀವು ಹೇಳೋದ್ರಲ್ಲೂ ನ್ಯಾಯ ಇದೆ ಸಾರ್. ಆದ್ರೆ ಆ ಸುದ್ದಿನ ಟೀವಿಲಿ ಓದೋದು ಬೇಕಾ, ಮನುಷ್ಯರ ಬಾಯಲ್ಲಿ ಕೇಳೋದು ಬೇಕಾ? ಹತ್ತು ನಿಮಿಷದ ಅಂತರ ಅದು. ಎರಡು ಗಂಟೆ ಎಳೆದ್ರೆ ಅದು ಆಸ್ಪತ್ರೆ ತಪ್ಪು, ಅದಕ್ಕೆ ನಾನೂ ಬೈತೀನಿ.

ಡಬ್ಬಾ_ಇನ್‌ಸ್ಟಾಲರ್
ಸಿಸ್ಟರ್, ಒಂದು ಡೌಟು. ನೀವು ಹೆಂಗಿದ್ರೂ ಆಪರೇಷನ್ ಸುರಕ್ಷತೆಗೆ ಡಬ್ಲ್ಯೂಎಚ್‌ಓ ಚೆಕ್‌ಲಿಸ್ಟ್ ಮಾಡ್ತೀರಲ್ಲ, 2008ರಲ್ಲಿ ಬಂದಿದ್ದು, ಅನಸ್ತೇಶಿಯಾಗೆ ಮುಂಚೆ ಸೈನ್ ಇನ್, ಕುಯ್ಯೋಕೆ ಮುಂಚೆ ಟೈಮ್ ಔಟ್, ಓಟಿ ಬಿಡೋಕೆ ಮುಂಚೆ ಸೈನ್ ಔಟ್ ಅಂತ ಮೂರು ಹಂತ. ಅದನ್ನೇ ಟ್ಯಾಬಲ್ಲಿ ಮಾಡಿದ್ರೆ ಬೋರ್ಡ್ ತಂತಾನೇ ಬದಲಾಗತ್ತೆ, ಬೇರೆ ಬಟನ್ನೇ ಬೇಡ. ಟೈಮ್ ಔಟ್ ಆದ್ರೆ 'ಆಪರೇಷನ್ ಶುರು', ಸೈನ್ ಔಟ್ ಆದ್ರೆ 'ಮುಗೀತು'.

ನೈಟ್‌ಡ್ಯೂಟಿ_ಸಿಸ್ಟರ್
ಐಡಿಯಾ ಚೆನ್ನಾಗಿದೆ. ನಮ್ಮಲ್ಲಿ ಇನ್ನೂ ಪೇಪರು, ಪೆನ್ನಿಗೆ ದಾರ ಕಟ್ಟಿರ್ತೀವಿ ಕಳ್ದೋಗತ್ತೆ ಅಂತ. ಟ್ಯಾಬ್ ಕೊಟ್ರೆ ಅದಕ್ಕೂ ದಾರ ಕಟ್ಬೇಕು. ಆದ್ರೆ 'ಮುಗೀತು' ಅನ್ನೋ ಪದ ಮಾತ್ರ ಬೇಡಪ್ಪ, ಬೇರೆ ಏನಾದ್ರೂ ಹಾಕಿ.

ಅಕ್ಷರಕ್ಕೆ_ಲಕ್ಷ
ಅಯ್ಯೋ ಹೌದು. ನಾನೇ ಮೇಲೆ ಬರೆದಿದೀನಿ 'ಮುಗೀತು' ಅಂತ. 'ಆಪರೇಷನ್ ಆಯ್ತು' ಅಂತ ಮಾಡ್ಕೊಳಿ. ಅದಕ್ಕೇ ಕನ್ನಡದೋರನ್ನ ಕೂರಿಸಿ ಅಂದಿದ್ದು, ನನ್ನನ್ನಲ್ಲ.

ಹುಬ್ಬಳ್ಳಿ_ಮಂದಿ
ಟೀವಿ ಬಿಡ್ರಿ, ಆಸ್ಪತ್ರಿ ಕ್ಯಾಂಟೀನ್‌ದಾಗ ಚಾ ಯಾಕ ಹಂಗಿರ್ತೈತಿ ಹೇಳ್ರಿ ಯಾರರೆ. 30 ರೂಪಾಯಿ ಕೊಟ್ಟು ಬಿಸಿನೀರು ಕುಡ್ದಂಗಾತು.

ಮಳೆಗಾಲ_ಕೊಡೆ
ಗೇಟಿಂದಾಚೆ ಎಡಕ್ಕೆ ತಳ್ಳುಗಾಡಿ ಇರತ್ತೆ. ಯಾವ ಆಸ್ಪತ್ರೆಗೆ ಹೋದ್ರೂ ಗೇಟಿಂದಾಚೆ ಎಡಕ್ಕೆ.

ತ್ಯಾಗರಾಜನಗರ_ತರಲೆ
ಅಪ್‌ಡೇಟು. ನಿನ್ನೆ ಅಪ್ಪಂಗೆ ಕ್ಯಾತಿಟರ್ (ಮೂತ್ರದ ಪೈಪು) ತೆಗ್ಸೋಕೆ ಹೋಗಿದ್ವಿ. ಕ್ವಾಲಿಟಿ ಡಿಪಾರ್ಟ್‌ಮೆಂಟಿಗೆ ಲೆಟರ್ ಕೊಟ್ಟಿದ್ದೆ, ಇಲ್ಲಿ ನೀವೆಲ್ಲಾ ಹೇಳಿದ್ದನ್ನ ಸೇರಿಸಿ. ಒಬ್ರು ಮೇಡಂ ಕೂರಿಸಿ ಮಾತಾಡಿದ್ರು. ಪ್ರೊಸೀಜರ್ ಕಾಲಮ್ ಆಗ್ಲೇ ತೆಗ್ದಿದಾರೆ, ನಾನೇ ಮೂರನೇ ಫ್ಲೋರಿಗೆ ಹೋಗಿ ನೋಡಿ ಬಂದೆ, ಆ ಜಾಗದಲ್ಲಿ ಈಗ ಆಸ್ಪತ್ರೆ ಲೋಗೋ ತಿರುಗ್ತಾ ಇದೆ, ಖಾಲಿ ಕಾಣ್ಬಾರ್ದಲ್ಲ. ಹೆಸರಿನ ಬದ್ಲು ಮೊದಲೆರಡು ಅಕ್ಷರ, ಆಸ್ಪತ್ರೆ ನಂಬರಿನ ಕೊನೇ ನಾಲ್ಕು ಅಂಕಿ. ವಸೂಲಾತಿ ಇನ್ನೂ ಇದೆ. ಹೇಳಿದೆ, "ವೆಂಡರಿಗೆ ಟಿಕೆಟ್ ಹಾಕಿದೀವಿ ಸಾರ್" ಅಂದ್ರು.

ನಿಂತು ನೋಡ್ತಿರೋವಾಗ ಒಬ್ಬರಜ್ಜಿ ಚೀಟಿ ನನ್ ಕೈಗೆ ಕೊಟ್ಟು "ನಮ್ ಹುಡ್ಗ ಎಲ್ಲವ್ನೆ ನೋಡಪ್ಪ" ಅಂದ್ರು. ನಂಬರ್ ಹುಡುಕಿ ಹೇಳೋಕೆ ನನಗೇ ಒಂದು ನಿಮಿಷ ಬೇಕಾಯ್ತು, ಸ್ಲೈಡ್ ತಿರುಗ್ತಾ ಇತ್ತು. ಹಂಗಾಗಿ ಚಂದ್ರು ಸಾರ್ ಹೇಳಿದ್ದೂ ಪೂರ್ತಿ ತಪ್ಪಲ್ಲ.

ಇನ್ನೊಂದು. ಅಪ್ಪಂಗೆ ಲೆಟರ್ ತೋರ್ಸಿದ್ರೆ ಏನಂದ್ರು ಗೊತ್ತಾ, "ನನ್ ಹೆಸ್ರು ಟೀವಿಲಿ ಬಂದಿತ್ತಾ? ಒಂದು ಫೋಟೋ ತೆಗೀಬಾರ್ದಿತ್ತೇನೋ". ಆಮೇಲೆ ತಾವೇ ಚಿಕ್ಕಮ್ಮಂಗೆ ಫೋನ್ ಮಾಡಿ ಕ್ಯಾನ್ಸರ್ ಅಲ್ಲ ಅಂತ ಹೇಳಿದಾರೆ, ಚಿಕ್ಕಪ್ಪ ಫೋನ್ ಇಸ್ಕೊಂಡು ರೂಮಿನ ಬಾಗಿಲು ಹಾಕ್ಕೊಂಡು 40 ನಿಮಿಷ ಮಾತಾಡಿದಾರೆ. ಅವ್ರಿಗೂ ಅದೇ ತೊಂದ್ರೆ ಎರಡು ವರ್ಷದಿಂದ, ಯಾರಿಗೂ ಹೇಳಿರ್ಲಿಲ್ವಂತೆ. ಮುಂದಿನ ವಾರ ಬೆಂಗಳೂರಿಗೆ ಬರ್ತಿದಾರೆ, 'ಮದುವೆಗೆ'.

ಪದ್ಮಕ್ಕ
ಆಷಾಢದಲ್ಲಿ ಯಾರ ಮದುವೆ ಅಂತ ಆಂಟಿ ಕೇಳ್ತಾರೆ, ಬೇರೆ ಏನಾದ್ರೂ ಹೇಳ್ಕೊಳೋಕೆ ಹೇಳು.

ಕೆಆರ್‌ಪುರಂ_ಲೋಕಲ್
ಗುರು, ಆ ಡಾಕ್ಟ್ರ ಹೆಸ್ರು ಏನು? ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿದೀನಿ ನೋಡಿ. ನನ್ನ ಫ್ರೆಂಡ್ ಒಬ್ನಿಗೆ ಬೇಕಿತ್ತು.